ಪದಚರ್ಚೆ: ರೋಮನ್ನರ 'ಅಕ್ವೆಡಕ್ಟ್' ಮಕ್ಕಳ ಕನ್ನಡದಲ್ಲಿ ಏನಾಗಬೇಕು?

ಪ್ರಶ್ನೆ:
ಎಂಟು-ಒಂಬತ್ತು ವರ್ಷದ ಮಕ್ಕಳಿಗಾಗಿ ಬರೆಯುತ್ತಿರುವ ರೋಮನ್ನರ ಇತಿಹಾಸಕ್ಕೆ ಎರಡು ಪದ ಬೇಕು. ಒಂದು, ಊರಿಗೆ ನೀರು ತರುತ್ತಿದ್ದ ಅಕ್ವೆಡಕ್ಟ್. ಕರಡಿನಲ್ಲಿ 'ನೀರಿನ ಸೇತುವೆ' ಎಂದಿದೆ. 'ಮೇಲ್ಗಾಲುವೆ' ಎಂಬ ಸಲಹೆಯೂ ಬಂದಿದೆ. ಇನ್ನೊಂದು, ರೋಮನ್ ಸೈನ್ಯದ ಅಧಿಕಾರಿಯಾದ ಸೆಂಚುರಿಯನ್. 'ಶತಪತಿ' ಸರಿಯೇ? ಗಟ್ಟಿಯಾಗಿ ಓದುವಾಗ ನಾಲಿಗೆ ತೊಡರಬಾರದು, ತಪ್ಪು ಚಿತ್ರವೂ ಮೂಡಬಾರದು.

ಉತ್ತರ:
'ಸೇತುವೆ' ಖಂಡಿತ ಬೇಡ. ಸಾಲು ಕಮಾನುಗಳ ಚಿತ್ರ ನೋಡಿ ನೋಡಿ ಇಡೀ ಕಾಲುವೆಯೇ ಕಮಾನಿನ ಮೇಲಿತ್ತೆಂದು ದೊಡ್ಡವರೂ ತಿಳಿದಿದ್ದಾರೆ. ರೋಮ್ ನಗರದ ಮೊದಲ ಕಾಲುವೆ ಆಕ್ವಾ ಆಪಿಯಾ, ಕ್ರಿ.ಪೂ. 312ರದ್ದು. ಸುಮಾರು 16 ಕಿ.ಮೀ. ಉದ್ದದಲ್ಲಿ ನೆಲದ ಮೇಲೆ ಕಾಣುತ್ತಿದ್ದದ್ದು 90 ಮೀಟರಿನಷ್ಟು ಮಾತ್ರ, ಮಿಕ್ಕಿದ್ದೆಲ್ಲ ನೆಲದಡಿ. ಕಮಾನು ಬರುವುದು ಕಣಿವೆ ಅಥವಾ ತಗ್ಗು ಅಡ್ಡ ಬಂದಾಗ. ಅಷ್ಟು ಭಾಗಕ್ಕೆ 'ಮೇಲ್ಗಾಲುವೆ' ಚೆನ್ನಾಗಿಯೇ ಒಪ್ಪುತ್ತದೆ. ಪೂರ್ತಿ ಏರ್ಪಾಡಿಗೆ ಬರೀ 'ನೀರ್ಗಾಲುವೆ' ಸಾಕು.

ಮಲೆನಾಡು, ಕರಾವಳಿಯ ಮಕ್ಕಳಿಗೆ ಇನ್ನೂ ಹತ್ತಿರದ ಮಾತಿದೆ. ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ಗುಡ್ಡದ ಅಬ್ಬಿ ನೀರು ಅಂಗಳಕ್ಕೆ ಬರುವುದೂ ಇದೇ ತತ್ತ್ವದಿಂದ: ಪಂಪಿಲ್ಲ, ಇಳಿಜಾರೇ ಎಲ್ಲ. ಬಯಲುಸೀಮೆಯವರಿಗೆ ಹಂಪಿಯ ರಾಜಾವರಣದಲ್ಲಿ ಪುಷ್ಕರಣಿಗೆ ನೀರು ತರುತ್ತಿದ್ದ ಕಲ್ಲುದೋಣಿಯ ಸಾಲು ತೋರಿಸಿ.

ಇಳಿಜಾರಿನ ಲೆಕ್ಕವನ್ನು ಬಿಡಬೇಡಿ, ರೋಮನ್ನರ ಜಾಣತನ ಇರುವುದೇ ಅಲ್ಲಿ. ಈಗಿನ ಫ್ರಾನ್ಸಿನ ನೀಮ್ ಊರಿಗೆ ಸುಮಾರು 50 ಕಿ.ಮೀ. ಸುತ್ತಿ ಬರುತ್ತಿದ್ದ ಕಾಲುವೆ ಸರಾಸರಿ 3 ಕಿ.ಮೀ.ಗೆ ಒಂದೇ ಮೀಟರ್ ಇಳಿಯುತ್ತಿತ್ತು. ಇಳಿಜಾರು ಕಡಿಮೆಯಾದರೆ ಹೂಳು ಕೂರುತ್ತದೆ, ಹೆಚ್ಚಾದರೆ ನೀರಿನ ರಭಸಕ್ಕೆ ಒಳಗಿನ ಗಾರೆ ಕೊರೆದುಹೋಗುತ್ತದೆ. ಆ ಗಾರೆಗೂ ನಮ್ಮಲ್ಲಿ ಹೆಸರಿದೆ: ಸುಣ್ಣಕ್ಕೆ ಹೆಂಚಿನ ಪುಡಿ ಬೆರೆಸಿದ್ದು, ಅಂದರೆ ಸುರ್ಕಿ ಗಾರೆ. ಕನ್ನಂಬಾಡಿ ಕಟ್ಟೆಗೆ ಬಳಸಿದ್ದೂ ಸುರ್ಕಿಯೇ. 'ರೋಮನ್ ಸಿಮೆಂಟು' ಎಂದು ಬರೆಯುವ ಅಗತ್ಯವಿಲ್ಲ.

ಇನ್ನೊಂದು ಉತ್ತರ:
'ನೀರ್ಗಾಲುವೆ'ಗೆ ನನ್ನ ಮತವೂ ಇದೆ. ಪಕ್ಕದಲ್ಲಿ ಒಂದು ಪ್ರಯೋಗ ಸೇರಿಸಿ. 3 ಮೀಟರ್ ಉದ್ದದ ಪಿವಿಸಿ ಕೊಳವೆಯನ್ನು ದೊಡ್ಡವರು ಉದ್ದಕ್ಕೆ ಸೀಳಿಕೊಡಲಿ. ಅರ್ಧ ಮೀಟರಿಗೊಂದು ಆಸರೆ ಕೊಟ್ಟು ಮೊದಲು ಸಮತಟ್ಟಾಗಿಸಬೇಕು. ಇಲ್ಲವಾದರೆ ನಡುವೆ ಬಾಗಿ ನೀರು ಅಲ್ಲೇ ನಿಲ್ಲುತ್ತದೆ. ನೀಮ್ ಕಾಲುವೆಯ ಲೆಕ್ಕದಲ್ಲಿ ಇದರ ಇಳಿಜಾರು 1 ಮಿಲಿಮೀಟರ್ ಮಾತ್ರ, ಒಂದು ನಾಣ್ಯದ ದಪ್ಪವೂ ಇಲ್ಲ. ಆಮೇಲೆ ಒಂದು ತುದಿಗೆ ಇಟ್ಟಿಗೆ ಕೊಟ್ಟು, ಚಿಟಿಕೆ ಮರಳು ಹಾಕಿ ನೀರು ಬಿಡಿ. ಮರಳು ಕೊಚ್ಚಿಹೋಗುವುದನ್ನು ಕಂಡ ಮಗುವಿಗೆ 'ಇಳಿಜಾರು' ಎಂಬ ಪದವನ್ನು ವಿವರಿಸಬೇಕಾಗಿಲ್ಲ.

ಇನ್ನು ಸೆಂಚುರಿಯನ್. 'ಶತಪತಿ' ಎಂದರೆ ನೂರು ಆಳಿನ ಒಡೆಯ ಎಂದೇ ಮಗು ಎಣಿಸುತ್ತದೆ. ಸಾಮ್ರಾಜ್ಯದ ಕಾಲದಲ್ಲಿ ಒಂದು ಡೇರೆಗೆ 8 ಸೈನಿಕರು, ಅಂಥ 10 ಡೇರೆ ಸೇರಿದರೆ ಒಬ್ಬ ಸೆಂಚುರಿಯನ್ನನ ಪಡೆ: 80 ಜನ. ಹೆಸರು ನೂರರದ್ದು, ಲೆಕ್ಕ ಎಂಬತ್ತರದ್ದು. 'ದಳವಾಯಿ'ಯೂ ಹೊಂದದು, ಮೈಸೂರಿನ ದಳವಾಯಿ ಇಡೀ ಸೈನ್ಯಕ್ಕೇ ಮುಖ್ಯಸ್ಥ. 'ಸೆಂಚುರಿಯನ್' ಎಂದೇ ಉಳಿಸಿ, ಮೊದಲ ಸಲ ಬಂದಲ್ಲಿ 'ಎಂಬತ್ತು ಸೈನಿಕರ ಮುಂದಾಳು' ಎಂದು ಬಿಡಿಸಿ ಹೇಳಿ. ಕ್ರಿಕೆಟ್ಟಿನ ಸೆಂಚುರಿ ಗೊತ್ತಿರುವ ಮಕ್ಕಳು ನೂರರ ನಂಟನ್ನು ತಾವೇ ಹಿಡಿಯುತ್ತಾರೆ.

ಪ್ರಶ್ನೆ ಕೇಳಿದವರಿಂದ:
'ನೀರ್ಗಾಲುವೆ' ಮತ್ತು 'ಸೆಂಚುರಿಯನ್' ಇಟ್ಟುಕೊಂಡೆ. 'ಮೇಲ್ಗಾಲುವೆ' ಕಮಾನಿನ ಚಿತ್ರದ ಕೆಳಗೆ ಮಾತ್ರ. ಉಳಿದದ್ದು 'ಗ್ಲಾಡಿಯೇಟರ್', ಅಂದರೆ ರೋಮಿನ ಅಖಾಡಗಳಲ್ಲಿ ಜನರೆದುರು ಕಾದುತ್ತಿದ್ದವ. 'ಮಲ್ಲ' ಎಂದರೆ?

ಉತ್ತರ:
ಮಲ್ಲನದು ಬರಿಗೈ ಕಾಳಗ. ಗ್ಲಾಡಿಯೇಟರನ ಹೆಸರೇ 'ಗ್ಲಾಡಿಯಸ್' ಎಂಬ ಕತ್ತಿಯಿಂದ ಬಂದದ್ದು. 'ಕತ್ತಿಯಾಳು' ಎನ್ನೋಣವೆಂದರೆ ಅವರಲ್ಲಿ ಬಲೆ, ತ್ರಿಶೂಲ ಹಿಡಿದು ಕಾದುವವರೂ ಇದ್ದರು. ಅದನ್ನೂ ಹಾಗೆಯೇ ಬಿಡಿ.