ಸಹಾಯ ಬೇಕು: ಬ್ಯಾಸಗಿ ಬಿಸಿಲಾಗ ಒಂದು ದಿನ ವಿಜಯಪುರ ತಿರಗೂದು ಹೆಂಗ?

ನಮಸ್ಕಾರ್ರೀ ಎಲ್ಲಾರಿಗೂ. ನಾನು ಜಮಖಂಡಿಯವ. ಬರೋ ಗುರುವಾರ ರಜಾ ಸಿಕ್ಕೈತಿ. ಅವ್ವನ್ನ, ಒಂಬತ್ತು ವರ್ಷದ ಮಗನ್ನ ಕರ್ಕೊಂಡು ಮುಂಜಾನಿ ಬಸ್ಸಿಗೆ ಬಂದು ರಾತ್ರಿ ಹೊಳ್ಳಿ ಹೋಗ್ತೀವಿ.

ಹ್ವಾದ ವರ್ಷ ಮಾಡಿದ ತಪ್ಪು ಈ ಸಲ ಮಾಡಬಾರದು. ಆಗ ಇಬ್ರಾಹಿಂ ರೋಜಾಕ್ಕ (ಆದಿಲ್ ಶಾಹಿ ಸುಲ್ತಾನನ ಗೋರಿ) ಮಧ್ಯಾಹ್ನ ಹೋಗಿದ್ವಿ. ಚಪ್ಪಲ್ ಬಿಟ್ಟು ಕಟ್ಟಿ ಹತ್ತಿದ ಕೂಡ್ಲೇ ಕಲ್ಲು ಕಾದ ಹಂಚಿನಂಗ ಚುರ್ ಅಂತು. ಮಗ ಕುಣಕೋಂತ ನೆರಳಿಗೆ ಓಡಿದ, ಅವನ ಹಿಂದ ನಾನೂ! 1627ರ ಆ ಕೆತ್ತನಿ ಯಾರು ನೋಡ್ತಾರ? ಗೋಳಗುಮ್ಮಟದಾಗೂ ಅಷ್ಟ. ಮ್ಯಾಲ ಪಿಸುಗುಟ್ಟಿದ್ದು ಆಚಿ ಕಡಿ ಗ್ವಾಡಿಗೆ ಕಿವಿ ಇಟ್ಟವರಿಗೆ ಕೇಳಸ್ತೈತಿ ಅಂತಾರ. ನಮಗ ಕೇಳಿದ್ದು ಮಂದಿ ಹೊಡಿಯೋ ಸೀಟಿ ಅಷ್ಟ.

ಅದಕ್ಕ ಈ ಸಲ ಗುಮ್ಮಟ ಮೊದಲು, ಗದ್ದಲ ಆಗೂದರಾಗ. ಆಮ್ಯಾಲ ರೋಜಾ. ಮಲಿಕ್-ಎ-ಮೈದಾನ್ ತೋಪು, ಉಪ್ಲಿ ಬುರುಜು ಸಂಜಿಗೆ. ತೋಪಿನ ಬಾಯಾಗ ಆನಿ ಸಿಕ್ಕೊಂಡಂಗ ಮಾಡ್ಯಾರಲ್ಲ, ಅದನ್ನ ಮಗ ಮುಟ್ಟಿ ನೋಡಬೇಕಂತ. ಗುಮ್ಮಟದ ಮುಂದಿನ ವಸ್ತುಸಂಗ್ರಹಾಲಯ ಶುಕ್ರವಾರ ಬಂದ್ ಇರ್ತೈತಿ, ಅದಕ್ಕಂತಲೇ ಗುರುವಾರ.

ಊರವರು ಹೇಳ್ರಿ: ಅವ್ವಗ ಮೊಣಕಾಲು ನೋವು, ಗುಮ್ಮಟದ ಏಳು ಅಂತಸ್ತು ಹತ್ತಾಕ ಆಗಂಗಿಲ್ಲ. ನಾವು ಮ್ಯಾಲ ಹೋದಾಗ ಆಕಿ ಕುಂದ್ರಾಕ ತಣ್ಣನ ಜಾಗ ಎಲ್ಲೈತಿ? ಇಡೀ ದಿನಕ್ಕ ಟಾಂಗಾ ಮಾಡೂದು ಚಲೋನೋ, ಆಟೋನೋ? ಎಷ್ಟು ಕೊಡಬಹುದು? ಬಿಸಿ ರೊಟ್ಟಿ, ಎಣ್ಣಿಗಾಯಿ ಸಿಗೋ ಖಾನಾವಳಿನೂ ಒಂದು ಹೇಳ್ರಿ. ಖಾರ ಕಡಿಮಿ ಇರ್ಲಿ, ಮಗ ತಿನ್ನಂಗಿಲ್ಲ.