ಪದಚರ್ಚೆ: ಬಳಸಿದ ‘ಮೌಂಟನ್ ಬೈಕ್ ಗೇರ್’ ಮಾರುವ ಅಂಗಡಿಯ ಫಲಕಕ್ಕೆ ಕನ್ನಡ ಬೇಕು

ಬಳ್ಳಾರಿಯಿಂದ ಪ್ರಶ್ನೆ

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ನನ್ನ ತಮ್ಮ ಬಳ್ಳಾರಿಯಲ್ಲಿ ಒಂದು ಸಣ್ಣ ಅಂಗಡಿ ತೆರೆಯುತ್ತಿದ್ದಾನೆ. ಸಂಡೂರಿನ ಗುಡ್ಡಗಳಲ್ಲಿ, ಆನೆಗೊಂದಿ ಮತ್ತು ಸಾಣಾಪುರದ ಬಂಡೆಗಳ ನಡುವೆ ಸೈಕಲ್ ಓಡಿಸುವ ಹುಡುಗರಿಗೆ ಹೊಸ ಸಾಮಾನಿನ ಬೆಲೆ ನಿಲುಕುವುದಿಲ್ಲ. ಹಾಗಾಗಿ ಒಬ್ಬರು ಬಳಸಿ ಬಿಟ್ಟ ಸೈಕಲ್, ಶಾಕ್ ಇರುವ ಫೋರ್ಕ್ (ಮುಂದಿನ ಚಕ್ರವನ್ನು ಹಿಡಿಯುವ ಕವಲು), ಚಕ್ರ, ಡಿಸ್ಕ್ ಬ್ರೇಕ್ ಮುಂತಾದವನ್ನು ಕೊಂಡು, ಪರೀಕ್ಷಿಸಿ, ಇನ್ನೊಬ್ಬರಿಗೆ ಮಾರುವುದು ಅವನ ಉದ್ದೇಶ. ಫಲಕ ಬರೆಯುವವರು ಸೋಮವಾರ ಬರುತ್ತಾರೆ. ಫಲಕದಲ್ಲಿ ಶೇಕಡಾ 60 ಭಾಗ ಕನ್ನಡವಿರಬೇಕೆಂಬ 2024ರ ತಿದ್ದುಪಡಿ ಕಾಯ್ದೆ ನಿಮಗೆ ಗೊತ್ತೇ ಇದೆ. ಆದರೆ ಇಂಗ್ಲಿಷನ್ನೇ ಕನ್ನಡ ಲಿಪಿಯಲ್ಲಿ ಬರೆಸಿ ಕೈತೊಳೆದುಕೊಳ್ಳಲು ನನಗೆ ಮನಸ್ಸಿಲ್ಲ.

ಹಾಗೆ ಬರೆಸಿದರೆ ಅರ್ಥವೂ ಕೆಡುತ್ತದೆ. ನಮ್ಮೂರಿನಲ್ಲಿ ‘ಬೈಕ್’ ಎಂದರೆ ಪೆಟ್ರೋಲು ಹಾಕಿಸುವ ಗಾಡಿ. ‘ಗೇರ್’ ಎಂದರೆ ಸೈಕಲ್ಲಿನ ಹಲ್ಲುಚಕ್ರಗಳ ವ್ಯವಸ್ಥೆ. ‘ಗೇರ್ ಸೈಕಲ್’ ಎಂಬ ಮಾತು ಹುಟ್ಟಿದ್ದೇ ಅದರಿಂದ. ಇಂಗ್ಲಿಷಿನವರು ಇಲ್ಲಿ ‘ಗೇರ್’ ಎಂದಾಗ ಮೊಣಕಾಲಿನ ಪ್ಯಾಡು, ಕೈಗವಸು, ಬೂಟು ಎಲ್ಲವನ್ನೂ ಸೇರಿಸಿ ಹೇಳುತ್ತಾರೆ. ಆದ್ದರಿಂದ ‘ಸೆಕೆಂಡ್ ಹ್ಯಾಂಡ್’, ‘ಮೌಂಟನ್ ಬೈಕ್’, ‘ಗೇರ್’ ಈ ಮೂರಕ್ಕೂ ಬಳಕೆಯ ಮಾತು ಬೇಕು. ಜೊತೆಗೆ, ಪ್ರತಿ ಸಾಮಾನಿಗೂ ಅದರ ಸ್ಥಿತಿಯನ್ನು ಹೇಳುವ ಒಂದು ಚೀಟಿ ಕಟ್ಟಬೇಕಾಗಿದೆ. ದಯವಿಟ್ಟು ಬೇಗ ತಿಳಿಸಿ.

ರಾಯಚೂರಿನಿಂದ

‘ಗುಜರಿ’ ಇರುವಾಗ ಇಷ್ಟು ಚಿಂತೆ ಏಕೆ? ಇದನ್ನು ತುಕ್ಕು ಹಿಡಿದ ಕಬ್ಬಿಣಕ್ಕೆ ಮಾತ್ರ ಅಂಟಿಸಿರುವುದು ಈಚಿನವರ ಅಜ್ಞಾನ. ಉರ್ದುವಿನ ‘ಗುಜ್ರಿ’ ಎಂದರೆ ದಾರಿಯ ಬದಿಯಲ್ಲಿ ಇಳಿಹೊತ್ತಿಗೆ ಕೂಡುವ ಸಂತೆ. ಹಾದುಹೋಗುವುದು ಎಂಬ ಅರ್ಥದ ಪಾರಸಿ ಧಾತುವೇ ಅದರ ಬೇರು. ನಮ್ಮ ಕಚೇರಿಗಳಲ್ಲಿ ಅರ್ಜಿಯನ್ನು ‘ಗುಜರಾಯಿಸುವುದು’, ಬಡವನ ‘ಗುಜರಾನು’ ಎಲ್ಲವೂ ಅದೇ ಬಳ್ಳಿಯ ಕಾಯಿಗಳು. ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ ಹಾದುಹೋದ ಸಾಮಾನಿಗೆ ಇದಕ್ಕಿಂತ ಒಪ್ಪುವ ಪದ ಬೇರೊಂದಿಲ್ಲ. ‘ಗೇರ್’ ಎಂಬುದಕ್ಕೆ ‘ಸರಂಜಾಮು’ ಎನ್ನಿ. ಅದೂ ಪಾರಸಿಯದೇ, ಮತ್ತು ನಮ್ಮ ಜಿಲ್ಲೆಯಲ್ಲಿ ಅದನ್ನು ಅರಿಯದ ಮನೆಯಿಲ್ಲ.

ಕೊಪ್ಪಳದಿಂದ

ಇಂಗ್ಲಿಷಿನ ಸಾಲವನ್ನು ಪಾರಸಿಯ ಸಾಲದಿಂದ ತೀರಿಸಲಾಗದು. ಸೈಕಲ್ಲಿಗೆ ‘ತುಳಿಬಂಡಿ’ ಇದೆ. ಅದಕ್ಕೆ ‘ಮಲೆ’ ಸೇರಿಸಿದರೆ ‘ಮಲೆತುಳಿಬಂಡಿ’. ‘ಸೆಕೆಂಡ್ ಹ್ಯಾಂಡ್’ ಎಂಬುದಕ್ಕೆ ‘ಕೈಮಾರಿದ’. ‘ಗುಡ್ಡಗಾಡು ಸೈಕಲ್’, ‘ಬಳಸಿದ ಸೈಕಲ್’ ಎಂದು ಬರೆಯುವವರು ಅರಿಸಮಾಸದ, ಅಂದರೆ ಕನ್ನಡ ಪದಕ್ಕೆ ಬೇರೆ ಭಾಷೆಯ ಪದವನ್ನು ಬೆಸೆಯುವ ದೋಷದ, ಪಾಠವನ್ನು ಮರೆತವರು. ಇದರಲ್ಲಿ ಚರ್ಚಿಸಲು ಬೇರೇನೂ ಇಲ್ಲ.

ಗಂಗಾವತಿಯಿಂದ

ಚರ್ಚಿಸಲು ಬಹಳವಿದೆ. ಪ್ರಶ್ನೆ ಕೇಳಿದವರಿಗೆ ಸೋಮವಾರದೊಳಗೆ ಉತ್ತರ ಬೇಕಾಗಿರುವುದರಿಂದ ವ್ಯಾಕರಣದ ಮಾತನ್ನು ಮೊದಲು ಮುಗಿಸುತ್ತೇನೆ. ‘ಬಳಸಿದ ಸೈಕಲ್’ ಎಂಬುದರ ಪೂರ್ವಪದ ಕೃದಂತ, ಅಂದರೆ ಕ್ರಿಯೆಯಿಂದ ಹುಟ್ಟಿದ ಪದ. ಇದನ್ನು ಸಮಾಸವೆಂದೇ ಹಿಡಿದರೂ, ಪೂರ್ವಪದ ಕೃದಂತವಾಗಿರುವುದರಿಂದ ಅದು ಗಮಕಸಮಾಸ. ಗಮಕಕ್ಕೂ, ಉತ್ತರಪದ ಕ್ರಿಯೆಯಾಗಿರುವ ಕ್ರಿಯಾಸಮಾಸಕ್ಕೂ ಅರಿಸಮಾಸದ ದೋಷ ತಟ್ಟುವುದಿಲ್ಲ. ‘ಗುಡ್ಡದ ಸೈಕಲ್’ ಎಂದರೆ ಷಷ್ಠೀವಿಭಕ್ತಿ ಎದ್ದು ಕಾಣುತ್ತಿರುವುದರಿಂದ ಅಲ್ಲಿ ಸಮಾಸವೇ ಇಲ್ಲ. ಕೊಪ್ಪಳದವರ ಆಕ್ಷೇಪ ನಿಲ್ಲುವುದಿಲ್ಲ.

‘ತುಳಿಬಂಡಿ’ಯ ವಿಚಾರಕ್ಕೆ ಬಂದರೆ, ‘ಸೈಕಲ್’ ನಮ್ಮಲ್ಲಿ ಸೈಕಲ್ಲಾಗಿ, ಸೈಕಲ್ಲಿಗೆ, ಸೈಕಲ್ಲಿನಿಂದ ಎಂದು ಎಲ್ಲ ವಿಭಕ್ತಿಗಳನ್ನೂ ಹೊತ್ತು ನಡೆದಿದೆ. ಪಂಚರ್ ತಿದ್ದುವವನ ಬಳಿ ಹೋಗಿ ಯಾರೂ ತುಳಿಬಂಡಿಗೆ ಗಾಳಿ ಹೊಡೆಯಲು ಕೇಳುವುದಿಲ್ಲ. ‘ಮಲೆ’ ಎಂದರೆ ನಮ್ಮ ಕಡೆಯವರಿಗೆ ನೆನಪಾಗುವುದು ಮಲೆನಾಡಿನ ಕಾಡು. ಇಲ್ಲಿರುವುದು ಗುಡ್ಡ. ಆದ್ದರಿಂದ ‘ಗುಡ್ಡದ ಸೈಕಲ್’ ಸಾಕು. ‘ಗುಡ್ಡಗಾಡು’ ಎಂಬುದರಲ್ಲಿ ಗಾಡು ಹೆಚ್ಚಿನ ಭಾರ.

ರಾಯಚೂರಿನವರು ಕೊಟ್ಟ ವ್ಯುತ್ಪತ್ತಿ ಸರಿಯಾಗಿದೆ, ಆದರೆ ಕೊಳ್ಳುವವನು ಫಲಕದಲ್ಲಿ ಓದುವುದು ಇಂದಿನ ಅರ್ಥವನ್ನು. ಇಂದು ಗುಜರಿ ಎಂದರೆ ಕಿಲೋ ಲೆಕ್ಕದಲ್ಲಿ ತೂಗಿ ಹಾಕುವ ವಸ್ತು. ಇಳಿಜಾರಿನ ಬಂಡೆಯ ಮೇಲೆ ಇಡೀ ಮೈಯ ಭಾರವನ್ನು ತಡೆಯಬೇಕಾದ ಫೋರ್ಕಿಗೆ ಆ ಹೆಸರು ಸಲ್ಲದು.

‘ಹಳೆಯ’ ಎಂಬುದೂ ಬೇಡ. ಪೆಟ್ಟಿಗೆಯಲ್ಲೇ ಉಳಿದ ಟಾಯರು ಹಳೆಯದಾಗಿರಬಹುದು, ಬಳಸಿದ್ದಲ್ಲ. ಸಂಡೂರಿನ ಅದಿರಿನ ಕೆಂಪು ಧೂಳಿನಲ್ಲಿ ಒಂದೇ ಮಳೆಗಾಲ ಓಡಿದ ಸೈಕಲ್ ಹಳೆಯದಲ್ಲ, ಆದರೆ ಅದರ ಫೋರ್ಕಿನ ಎಣ್ಣೆ ತಡೆಯುವ ಸೀಲುಗಳೂ ಚೈನೂ ಆಗಲೇ ಸವೆದಿರುತ್ತವೆ. ಕೊಳ್ಳುವವನಿಗೆ ಬೇಕಾದ ಸಂಗತಿ ವಯಸ್ಸಲ್ಲ, ಬಳಕೆ. ಹಾಗಾಗಿ ‘ಬಳಸಿದ’ ಎಂಬ ಪದವೇ ನಿಜ ಹೇಳುತ್ತದೆ.

ನನ್ನ ಮಟ್ಟಿಗೆ ಫಲಕಕ್ಕಿಂತ ಚೀಟಿ ದೊಡ್ಡದು. ಅದರಲ್ಲಿ ‘ಉತ್ತಮ ಸ್ಥಿತಿ’, ‘ಸುಸ್ಥಿತಿ’ ಎಂಬ ವಿಶೇಷಣಗಳನ್ನು ಬರೆಯಲೇಬಾರದು. ಕನ್ನಡದ ಕ್ರಿಯಾಪದಗಳು ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿವೆ: ಚೈನು ಸವೆಯುತ್ತದೆ, ರಿಮ್ಮು ಸೊಟ್ಟಗಾಗುತ್ತದೆ, ಫೋರ್ಕಿನ ನುಣುಪಾದ ಕಾಲಿನ ಮೇಲೆ ಗೀರು ಬೀಳುತ್ತದೆ, ಸೀಲು ಸೋರುತ್ತದೆ, ಫ್ರೇಮು ಬೆಸುಗೆಯ ಬಳಿ ಬಿರುಕು ಬಿಡುತ್ತದೆ, ಕಡ್ಡಿ ಸಡಿಲಾಗುತ್ತದೆ. ಯಾವುದು ಆಗಿದೆ, ಯಾವುದು ಆಗಿಲ್ಲ ಎಂದು ಬರೆಯಿರಿ. ಅಳೆಯಬಹುದಾದದ್ದನ್ನು ಅಳೆದು ಬರೆಯಿರಿ. ಚೈನಿನ 24 ಕೊಂಡಿಗಳು ಹೊಸದರಲ್ಲಿ ಸರಿಯಾಗಿ 12 ಅಂಗುಲ ಇರುತ್ತವೆ. ಅಂಗುಲದ ಹದಿನಾರನೆಯ ಒಂದು ಭಾಗ ಹೆಚ್ಚಿದ್ದರೆ ಚೈನು ಬದಲಿಸುವ ಕಾಲ ಬಂದಿದೆ ಎಂದರ್ಥ; ಎಂಟನೆಯ ಒಂದು ಭಾಗ ಹೆಚ್ಚಿದ್ದರೆ ಅದು ಹಲ್ಲುಚಕ್ರಗಳನ್ನೂ ತಿಂದಿರುವ ಸಂಭವವೇ ಹೆಚ್ಚು. ಈ ಅಳತೆಯನ್ನು ಚೀಟಿಯಲ್ಲಿ ಕಂಡ ಹುಡುಗ ಬೆಲೆ ಚೌಕಾಸಿ ಮಾಡಲು ಕಲಿಯುತ್ತಾನೆ. ಚಕ್ರಕ್ಕೆ ‘ದೊಡ್ಡದು’, ‘ಮಧ್ಯಮ’ ಎಂದು ಬರೆಯಬೇಡಿ. 26, 27.5, 29 ಅಂಗುಲದ ಟಾಯರುಗಳು ಕೂರುವ ರಿಮ್ಮಿನ ವ್ಯಾಸ ಕ್ರಮವಾಗಿ 559, 584, 622 ಮಿಲಿಮೀಟರು. ಆ ಅಂಕಿ ಟಾಯರಿನ ಪಕ್ಕದಲ್ಲೇ ಅಚ್ಚಾಗಿರುತ್ತದೆ. ಅದನ್ನೇ ಚೀಟಿಗೆ ಇಳಿಸಿಕೊಳ್ಳಿ.

ಬ್ರೇಕಿನಲ್ಲಿ ಪದದ ತಪ್ಪು ಅಪಾಯವನ್ನೇ ತರುತ್ತದೆ. ಹೈಡ್ರಾಲಿಕ್ ಡಿಸ್ಕ್ ಬ್ರೇಕುಗಳಲ್ಲಿ ಕೆಲವಕ್ಕೆ ಮಿನರಲ್ ಆಯಿಲ್, ಕೆಲವಕ್ಕೆ ಡಾಟ್ (DOT) ದ್ರವ. ಎರಡನ್ನೂ ‘ಬ್ರೇಕ್ ಎಣ್ಣೆ’ ಎಂದು ಬರೆದರೆ, ಒಂದರಲ್ಲಿ ಇನ್ನೊಂದನ್ನು ಸುರಿದು ಸೀಲುಗಳು ಹಾಳಾಗಿ ಇಳಿಜಾರಿನಲ್ಲಿ ಬ್ರೇಕು ಹಿಡಿಯದೆ ಹೋದೀತು. ಇಲ್ಲಿ ಶುದ್ಧಗನ್ನಡಕ್ಕೆ ಅವಕಾಶವಿಲ್ಲ. ಬಾಟಲಿಯ ಮೇಲೆ, ಲಿವರಿನ ಮೇಲೆ ಅಚ್ಚಾಗಿರುವ ಹೆಸರೇ ಚೀಟಿಯಲ್ಲೂ ಬರಬೇಕು.

ಕೊನೆಯದಾಗಿ ಹೆಲ್ಮೆಟ್. ಬಳಸಿದ ಹೆಲ್ಮೆಟನ್ನು ಮಾರಬೇಡಿ ಎಂದು ನಿಮ್ಮ ತಮ್ಮನಿಗೆ ಹೇಳಿ. ಅದರ ಒಳಗಿನ ಥರ್ಮಕೋಲಿನಂಥ ಪದರ ಒಂದು ಪೆಟ್ಟನ್ನು ತಾನು ಜಜ್ಜಿಹೋಗುವ ಮೂಲಕವೇ ತಡೆಯುತ್ತದೆ. ಮತ್ತೆ ಉಬ್ಬಿ ಮೊದಲಿನಂತಾಗುವುದಿಲ್ಲ, ಹೊರಗಿನಿಂದ ನೋಡಿದವರಿಗೆ ಅದು ಕಾಣುವುದೂ ಇಲ್ಲ. ‘ಬಳಸಿದ ಸರಂಜಾಮು’ ಎಂದು ಬರೆಸಿದರೆ ಹೆಲ್ಮೆಟೂ ಅದರಲ್ಲಿ ಸೇರಿದೆ ಎಂದು ಓದುಗರು ತಿಳಿಯುತ್ತಾರೆ. ಹೆಲ್ಮೆಟಿಗೆ ಬೇರೆಯ ಸಾಲು ಬೇಕೇ ಬೇಕು.

ಕೊಪ್ಪಳದಿಂದ

ಗಮಕದ ಮಾತನ್ನು ಒಪ್ಪಿದೆ. ಉಳಿದದ್ದನ್ನು ಒಪ್ಪುವುದಿಲ್ಲ. ಜನ ಕೇಳುವುದಿಲ್ಲವೆಂದು ನಾವು ಬರೆಯದೆ ಬಿಟ್ಟರೆ ಅವರು ಎಂದೂ ಕೇಳುವುದಿಲ್ಲ. ನಿಮ್ಮ ಚೀಟಿಯಲ್ಲಿ ಚೈನು, ರಿಮ್ಮು, ಸೀಲು, ಲಿವರು ಇವನ್ನು ತೆಗೆದರೆ ಉಳಿಯುವ ಕನ್ನಡವೆಷ್ಟು?

ರಾಯಚೂರಿನಿಂದ

ಸವೆ, ಸೋರು, ಬಿರುಕು, ಗೀರು, ಸಡಿಲು, ಇಷ್ಟೂ ಉಳಿಯುತ್ತವೆ. ವಾಕ್ಯವನ್ನು ಹೊತ್ತು ನಿಲ್ಲಿಸುವವು ಇವೇ. ಬಳ್ಳಾರಿ 1953ರವರೆಗೆ ಮದರಾಸಿನ ಆಡಳಿತದಲ್ಲಿತ್ತು, ನಮ್ಮ ರಾಯಚೂರು, ಅಂದು ಅದರೊಳಗಿದ್ದ ಕೊಪ್ಪಳವೂ ಸೇರಿ, 1956ರವರೆಗೆ ಹೈದರಾಬಾದಿನ ಆಡಳಿತದಲ್ಲಿತ್ತು. ಬಳ್ಳಾರಿಯವರಿಗೆ ತೆಲುಗು, ತಮಿಳು, ಇಂಗ್ಲಿಷಿನ ಪದಗಳು ಬಂದವು. ನಮಗೆ ಉರ್ದು, ಪಾರಸಿಯವು. ಯಾರ ಮನೆಯಲ್ಲೂ ಕನ್ನಡ ಸಾಯಲಿಲ್ಲ. ಕೊಪ್ಪಳದವರು ತಮ್ಮ ಊರಿನ ಸಂತೆಯಲ್ಲಿ ಅರ್ಧ ತಾಸು ನಿಂತು ಕೇಳಿಸಿಕೊಂಡು ಆಮೇಲೆ ಬರೆಯಲಿ. ‘ಗುಜರಿ’ಯನ್ನು ನಾನು ಹಿಂತೆಗೆದುಕೊಂಡಿಲ್ಲ ಎಂಬುದೂ ದಾಖಲಾಗಲಿ.

ಬಳ್ಳಾರಿಯಿಂದ

ಎಲ್ಲರಿಗೂ ಕೃತಜ್ಞತೆಗಳು. ಗಂಗಾವತಿಯವರ ಪತ್ರವನ್ನು ತಮ್ಮನಿಗೆ ಓದಿ ಹೇಳಿದೆ. ಕೊಂಡು ತಂದಿಟ್ಟಿದ್ದ ಬಳಸಿದ ಹೆಲ್ಮೆಟುಗಳನ್ನು ಅವನು ಮಾರಾಟದ ಸಾಲಿನಿಂದ ತೆಗೆದಿದ್ದಾನೆ. ‘ಸರಂಜಾಮು’ ಎಂದರೆ ಮದುವೆ ಮನೆಯ ಪಾತ್ರೆಪಡಗವೂ ನೆನಪಾಗುತ್ತದೆಂದು ಅವನು ಒಪ್ಪಲಿಲ್ಲ, ‘ಸಾಮಾನು’ ಉಳಿಯಿತು. ಫಲಕ ಬರೆಯುವವರಿಗೆ ಕೊಟ್ಟ ಸಾಲುಗಳು ಹೀಗಿವೆ:

ಬಳಸಿದ ಗುಡ್ಡದ ಸೈಕಲ್ಲುಗಳು ಮತ್ತು ಸಾಮಾನು
ಕೊಳ್ಳುತ್ತೇವೆ, ಪರೀಕ್ಷಿಸಿ ಮಾರುತ್ತೇವೆ
ಹೆಲ್ಮೆಟ್: ಹೊಸದು ಮಾತ್ರ

ಮೊದಲ ಸಾಲಿನಲ್ಲಿ ‘ಬಳಸಿದ’ ಎಂಬುದು ಗುಡ್ಡಕ್ಕೆ ಅಂಟಿಕೊಳ್ಳುತ್ತದೆಯೇ ಎಂಬ ಅನುಮಾನ ಮಾತ್ರ ಉಳಿದಿದೆ. ‘ಗುಡ್ಡದ ಸೈಕಲ್ಲುಗಳು, ಬಳಸಿದವು’ ಎಂದು ತಿರುಗಿಸಬೇಕಾದರೆ ನಾಳೆ ಸಂಜೆಯೊಳಗೆ ತಿಳಿಸಿ.

ಗಂಗಾವತಿಯಿಂದ

ತಿರುಗಿಸಿ. ಅನುಮಾನಕ್ಕೆ ಎಡೆಯಿದ್ದರೆ ‘ಬಳಸಿದ’ ತನ್ನ ನಾಮಪದದ ಪಕ್ಕದಲ್ಲೇ ಇರಬೇಕು. ಆದರೆ ‘ಗುಡ್ಡದ ಬಳಸಿದ ಸೈಕಲ್ಲುಗಳು’ ಎಂದರೆ ಕಿವಿಗೆ ಒಡ್ಡಾಗುತ್ತದೆ, ಆದ್ದರಿಂದ ನಿಮ್ಮ ಎರಡನೆಯ ರೂಪವೇ ಸರಿ. ‘ಬಳಸಿದವು’ ಎಂಬುದನ್ನು ಸಣ್ಣ ಅಕ್ಷರದಲ್ಲಿ ಬರೆಸಬೇಡಿ.