ಮಿಡಿಯಲ್ಲಿ ನುಡಿಸಿದ್ದು ಸ್ವರಲಿಪಿಯಲ್ಲಿ ಸಿಕ್ಕು ಸಿಕ್ಕಾಗಿ ಬರುತ್ತಿದೆ, ಏನು ಮಾಡಲಿ?

ಪ್ರಶ್ನೆ:
ಸರ್, ಕೀಬೋರ್ಡಿನಲ್ಲಿ 4/4ರ ಒಂದು ಪುಟ್ಟ ರಚನೆಯನ್ನು ನುಡಿಸಿ ಮಿಡಿ (MIDI) ಕಡತವಾಗಿ ರೆಕಾರ್ಡ್ ಮಾಡಿಕೊಂಡೆ. ಕೇಳಲು ಚೆನ್ನಾಗಿಯೇ ಇದೆ. ನೊಟೇಶನ್ (ಸ್ವರಲಿಪಿ ಬರೆಯುವ) ತಂತ್ರಾಂಶದಲ್ಲಿ ತೆರೆದರೆ ಮಾತ್ರ 1/32ರ ರೆಸ್ಟ್‌ಗಳು, ಟೈಗಳು (ಮೌನದ ಚಿಹ್ನೆಗಳು, ಸ್ವರಗಳನ್ನು ಬೆಸೆಯುವ ಕಮಾನುಗಳು) ಪುಟದ ತುಂಬ ಇರುವೆ ಮುತ್ತಿದ ಹಾಗೆ ಕಾಣುತ್ತವೆ. ನಾಲ್ಕು ಬೀಟಿಗೊಮ್ಮೆ ಬರಬೇಕಾದ ಬಾರ್ ಗೆರೆಗಳೂ ಎಲ್ಲೆಲ್ಲೋ ಬಿದ್ದಿವೆ. ಮೆಟ್ರೋನೋಮ್ ಹಾಕಿಕೊಳ್ಳದೆ ನುಡಿಸಿದ್ದೆ. ಬೇರೆ ತಂತ್ರಾಂಶ ಕೊಳ್ಳಬೇಕೇ?

ಉತ್ತರ:
ಬೇಡ, ಅದರಲ್ಲೂ ಇದೇ ಇರುವೆಗಳು ಬರುತ್ತವೆ. ಮಿಡಿ ಕಡತ ಎಂದರೆ ನಿಮ್ಮ ಬೆರಳುಗಳ ದಿನಚರಿ: ಯಾವ ಕೀ, ಯಾವಾಗ ಒತ್ತಿದಿರಿ, ಎಷ್ಟು ಜೋರಾಗಿ, ಯಾವಾಗ ಬಿಟ್ಟಿರಿ. ನೀವು ಮನಸ್ಸಿನಲ್ಲಿ ಎಣಿಸಿಕೊಳ್ಳುತ್ತಿದ್ದ ಒಂದು, ಎರಡು, ಮೂರು, ನಾಲ್ಕು ಅದರಲ್ಲಿ ದಾಖಲಾಗಿಲ್ಲ. ಟೆಂಪೋ (ವೇಗ) ಹೇಳದ ಕಡತವನ್ನು ತಂತ್ರಾಂಶ ನಿಮಿಷಕ್ಕೆ 120 ಬೀಟ್ ಎಂದೇ ಓದುತ್ತದೆ. ನೀವು 76ರ ಆಸುಪಾಸಿನಲ್ಲಿ ನುಡಿಸಿದ್ದರೆ ಬಾರ್ ಗೆರೆ ಸರಿಯಾದ ಜಾಗಕ್ಕೆ ಹೇಗೆ ಬಿದ್ದೀತು?

ಆದ್ದರಿಂದ ಮೊದಲು ಬೀಟ್, ಆಮೇಲೆ ಕ್ವಾಂಟೈಸ್, ಅಂದರೆ ಸ್ವರಗಳನ್ನು ಹತ್ತಿರದ ಕಾಲದ ಮನೆಗೆ ಸರಿಸಿ ಕೂರಿಸುವುದು. ಮೆಟ್ರೋನೋಮ್ ಹಾಕಿಕೊಂಡು ಮತ್ತೊಮ್ಮೆ ನುಡಿಸುವುದು ಎಲ್ಲಕ್ಕಿಂತ ಸುಲಭ. ಆ ನುಡಿಕೆಯೇ ಬೇಕೆಂದಿದ್ದರೆ, ಅದನ್ನು ಕೇಳುತ್ತಾ ಪ್ರತಿ ಬೀಟಿಗೂ ಒಂದು ಕೀ ತಟ್ಟಿ ಇನ್ನೊಂದು ಟ್ರ್ಯಾಕ್ ಮಾಡಿಕೊಳ್ಳಿ. ನುಡಿಕೆಯನ್ನು ದಾಖಲಿಸಿ ತಿದ್ದುವ ಹಲವು ಸೀಕ್ವೆನ್ಸರ್‌ಗಳು ಆ ತಟ್ಟುಗಳಿಂದ ಟೆಂಪೋ ನಕ್ಷೆ ಕಟ್ಟಿಕೊಡುತ್ತವೆ. ಈ ಕೆಲಸಕ್ಕೆ ಮುಂಚೆ ಕ್ವಾಂಟೈಸ್ ಒತ್ತಿದರೆ ಸ್ವರಗಳು ತಪ್ಪು ಬೀಟಿಗೆ ಅಚ್ಚುಕಟ್ಟಾಗಿ ಅಂಟಿಕೊಳ್ಳುತ್ತವೆ, ಬಿಡಿಸುವುದು ಯಮಯಾತನೆ.

ಇನ್ನು ಇರುವೆಗಳ ವಿಷಯ. ಕ್ವಾರ್ಟರ್ ನೋಟ್‌ಗೆ 480 ಟಿಕ್ (ಮಿಡಿಯಲ್ಲಿ ಕಾಲದ ಪುಟ್ಟ ಅಳತೆ) ಎಂದಿಟ್ಟುಕೊಳ್ಳಿ. 1/8 ಎಂದರೆ 240. ನೀವು ಬೆರಳನ್ನು 205ಕ್ಕೇ ಎತ್ತಿದ್ದೀರಿ. ಗ್ರಿಡ್ (ಸ್ವರಗಳು ಕೂರುವ ಮನೆಗಳ ನಡುವಿನ ಅಂತರ) 1/32 ಆಗಿದ್ದರೆ, ಅಂದರೆ 60 ಟಿಕ್, 205ಕ್ಕೆ ಹತ್ತಿರದ ಮನೆ 180. ಹಾಗಾಗಿ ಚುಕ್ಕೆಯಿಟ್ಟ 1/16, ಅದರ ಬೆನ್ನಿಗೆ 1/32ರ ರೆಸ್ಟ್. ಗ್ರಿಡ್ಡನ್ನು 1/16ಕ್ಕೆ ಏರಿಸಿದರೆ ಅದೇ 205 ತಾನಾಗಿ 240ಕ್ಕೆ ಹೋಗಿ ಕೂರುತ್ತದೆ. ಸ್ವರದ ಆರಂಭವನ್ನಷ್ಟೇ ಅಲ್ಲ, ಉದ್ದವನ್ನೂ ಕ್ವಾಂಟೈಸ್ ಮಾಡಬೇಕು; ಬಹಳ ಜನ ಇದನ್ನೇ ಮರೆಯುತ್ತಾರೆ. ಟ್ರಿಪ್ಲೆಟ್ (ಎರಡು ಸ್ವರಗಳ ಕಾಲದಲ್ಲಿ ಮೂರು) ಇರುವ ಬಾರ್‌ಗಳನ್ನು ಪ್ರತ್ಯೇಕವಾಗಿ ಮಾಡಿ.

ಇನ್ನೊಬ್ಬ ಸದಸ್ಯೆ:
ಇಷ್ಟೆಲ್ಲ ಮಾಡಿದರೆ ನುಡಿಕೆಯ ಜೀವವೇ ಹೋಗುವುದಿಲ್ಲವೇ ಸರ್?

ಉತ್ತರ:
ಹೋಗುತ್ತದೆ ಮೇಡಂ. ಅದಕ್ಕೇ ಎರಡು ಪ್ರತಿ: ಮೂಲವನ್ನು ಮುಟ್ಟಬೇಡಿ, ಮುದ್ರಣದ ಪ್ರತಿಯನ್ನು ನಿರ್ದಾಕ್ಷಿಣ್ಯವಾಗಿ ತಿದ್ದಿ. ಜೋಡಿ 1/8ಗಳಲ್ಲಿ ಮೊದಲನೆಯದನ್ನು ಎಳೆದು ನುಡಿಸುವ ಸ್ವಿಂಗ್ ಲಯವಿದ್ದರೆ ಸಾದಾ 1/8ಗಳನ್ನೇ ಬರೆದು ಮೇಲೆ ‘ಸ್ವಿಂಗ್’ ಎಂದು ನಮೂದಿಸಿದರೆ ನುಡಿಸುವವರಿಗೆ ಅರ್ಥವಾಗುತ್ತದೆ.

ಮೊದಲ ಪ್ರಶ್ನೆ ಕೇಳಿದವರು:
ಬೀಟ್ ತಟ್ಟಿ ನೋಡಿದೆ ಸರ್, ಬಾರ್‌ಗಳು ಕೂಡಿಕೊಂಡವು. ಆದರೆ ಇ ಫ್ಲಾಟ್ ಮೇಜರ್ ರಚನೆಯಲ್ಲಿ ಎಲ್ಲೆಡೆ ಡಿ ಶಾರ್ಪ್ ಬಂದಿದೆ. ಎಡಗೈಯ ಸ್ವರಗಳು ಮೇಲಿನ ಸ್ಟಾಫಿಗೆ (ಬಲಗೈಯ ಐದು ಗೆರೆಗಳ ಸಾಲಿಗೆ) ಹತ್ತಿವೆ.

ಉತ್ತರ:
ಮಿಡಿಗೆ ಅದು ಬರೀ 63 ಎಂಬ ಸಂಖ್ಯೆಯ ಕೀ. ಶಾರ್ಪೋ ಫ್ಲಾಟೋ ಅದಕ್ಕೆ ಗೊತ್ತಿಲ್ಲ. ಮೂರು ಫ್ಲಾಟ್‌ಗಳ ಕೀ ಸಿಗ್ನೇಚರ್ (ಸಾಲಿನ ಆರಂಭದಲ್ಲಿ ಬರುವ ಶಾರ್ಪ್-ಫ್ಲಾಟ್ ಗುರುತು) ಸೇರಿಸಿ ಮತ್ತೆ ತೆರೆಯಿರಿ, ಉಳಿದ ಒಂದೆರಡನ್ನು ಕೈಯಾರೆ ತಿದ್ದಿ. ಕೈಗಳನ್ನು ಸಾಮಾನ್ಯವಾಗಿ 60, ಅಂದರೆ ಮಿಡಲ್ ಸಿ ಬಳಿ ಬೇರ್ಪಡಿಸುತ್ತಾರೆ. ಎಡಗೈ ಅದನ್ನು ದಾಟುವ ಕಡೆ ಆ ಸ್ವರಗಳನ್ನು ಆರಿಸಿ ಕೆಳಗಿನ ಸ್ಟಾಫಿಗೆ ಇಳಿಸಬೇಕು. ಮುಂದಿನ ಸಲ ಎರಡು ಕೈಗಳನ್ನೂ ಬೇರೆ ಬೇರೆ ಟ್ರ್ಯಾಕಿನಲ್ಲಿ ನುಡಿಸಿದರೆ ಈ ಕೆಲಸವೇ ಇರುವುದಿಲ್ಲ.

ತಿದ್ದಿದ ಮೇಲೆ ಪ್ಲೇ ಒತ್ತಿ ಕೇಳಿ ಒಪ್ಪಿಬಿಡಬೇಡಿ. ಡಿ ಶಾರ್ಪ್, ಇ ಫ್ಲಾಟ್ ಎರಡೂ ಕಿವಿಗೆ ಒಂದೇ. ಈ ರಚನೆಯನ್ನು ಕೇಳಿರದ ಒಬ್ಬರಿಗೆ ಪುಟ ಕೊಟ್ಟು ನುಡಿಸಿಸಿ. ಅವರು ಎಲ್ಲಿ ತಡವರಿಸುತ್ತಾರೋ ಆ ಬಾರಿನ ಮೇಲೆ ಪೆನ್ಸಿಲಿನಿಂದ ಗುರುತು ಹಾಕಿ.